ಆಫ್ರಿಕಾದ ಇಂದಿನ ಚಿತ್ರಕಾರರು, ಹೊರದೇಶದ ಸಂಗ್ರಾಹಕರು: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ರಾ, ಲಾಗೋಸ್, ಹರಾರೆ, ನೈರೋಬಿಯ ಚಿತ್ರಕಾರರ ಕೆಲಸವನ್ನು ಹೊರಗಿನ ಸಂಗ್ರಾಹಕರಿಗೆ ಪರಿಚಯ ಮಾಡಿಸುವುದು ನನ್ನ ಕೆಲಸ. ಫೋನಿನಲ್ಲಿ, ಪತ್ರಗಳಲ್ಲಿ, ಪ್ರದರ್ಶನದಲ್ಲಿ ಚಿತ್ರದ ಮುಂದೆ ನಿಂತು ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನವು ಹೊಸಬರಿಗೆ. ಕೊನೆಯವು ಈಗಾಗಲೇ ಕೊಳ್ಳುತ್ತಿರುವವರಿಗೆ ಮತ್ತು ಈ ಕೆಲಸಕ್ಕೇ ಇಳಿಯಬೇಕು ಅನ್ನುವವರಿಗೆ.

## ಮೊದಲ ಪರಿಚಯ

ಆಫ್ರಿಕಾದ ಕಲೆ ಅಂದ್ರೆ ಮುಖವಾಡ, ಮರದ ಕೆತ್ತನೆ ಅಲ್ವಾ? ಪೇಂಟಿಂಗ್ ಯಾವಾಗ ಶುರುವಾಯ್ತು?

ಮುಖವಾಡ, ಕೆತ್ತನೆ ದೊಡ್ಡ ಪರಂಪರೆ, ನಿಜ. ಆದರೆ ಕ್ಯಾನ್ವಾಸಿನ ಚಿತ್ರಕಲೆಯೂ ಅಲ್ಲಿ ನಿನ್ನೆ ಮೊನ್ನೆಯದಲ್ಲ. 1958ರಲ್ಲಿ ನೈಜೀರಿಯಾದ ಜಾರಿಯಾ ಕಲಾ ಕಾಲೇಜಿನಲ್ಲಿ ಉಚೆ ಒಕೆಕೆ, ಡೆಮಾಸ್ ನ್ವೊಕೊ, ಬ್ರೂಸ್ ಒನೊಬ್ರಾಕ್ಪೆಯಾ ಮೊದಲಾದ ವಿದ್ಯಾರ್ಥಿಗಳು ಒಂದು ಸಂಘ ಕಟ್ಟಿದರು. ಯುರೋಪಿನ ಪಾಠವೂ ಇರಲಿ, ನಮ್ಮ ಊರಿನ ರೇಖೆ, ಕಥೆಗಳೂ ಇರಲಿ, ಎರಡರಿಂದ ನಮಗೆ ಬೇಕಾದ್ದನ್ನು ನಾವೇ ಆರಿಸಿಕೊಳ್ಳುತ್ತೇವೆ ಎಂದರು. ಸ್ವಾತಂತ್ರ್ಯಕ್ಕೆ ಇನ್ನೂ ಎರಡು ವರ್ಷ ಇತ್ತು.

ಅವರಿಗೂ ಮೊದಲೇ ಬೆನ್ ಎನ್ವೊನ್ವು ಹೆಸರು ಮಾಡಿದ್ದರು. ಇಫೆ ರಾಜಮನೆತನದ ಯುವತಿ ಟುಟು ಅವರ ಭಾವಚಿತ್ರವನ್ನು ಅವರು 1970ರ ದಶಕದ ಮೊದಲ ವರ್ಷಗಳಲ್ಲಿ ಬರೆದರು. ಅದರ ಪ್ರಿಂಟು ನೈಜೀರಿಯಾದ ಎಷ್ಟೋ ಮನೆಗಳ ಗೋಡೆ ಮೇಲಿತ್ತು. ಮೂಲ ಚಿತ್ರಗಳು ಮಾತ್ರ ಎಲ್ಲಿ ಹೋದವೋ ಗೊತ್ತಿರಲಿಲ್ಲ. ಒಂದು ಲಂಡನ್ನಿನ ಸಾಧಾರಣ ಫ್ಲ್ಯಾಟಿನಲ್ಲಿ ಸಿಕ್ಕಿತು. 2018ರ ಫೆಬ್ರವರಿಯಲ್ಲಿ ಬಾನಮ್ಸ್ ಹರಾಜಿನಲ್ಲಿ ಅದು ಸುಮಾರು 12 ಲಕ್ಷ ಪೌಂಡಿಗೆ ಹೋಯಿತು. ಹೊರಗಿನವರಿಗೆ ಅದು ಹರಾಜಿನ ಸುದ್ದಿ. ನೈಜೀರಿಯಾದವರಿಗೆ ಅದು ಮನೆಯ ಗೋಡೆ ಮೇಲೆ ನೋಡುತ್ತಾ ಬೆಳೆದ ಮುಖ.

54 ದೇಶ ಇರೋ ಖಂಡ. ಎಲ್ಲರನ್ನೂ 'ಆಫ್ರಿಕನ್ ಕಲಾವಿದರು' ಅಂತ ಒಟ್ಟಿಗೆ ಕರೆಯೋದು ಸರಿನಾ?

ಬಾಗಿಲು ತೆರೆಯಲು ಆ ಹೆಸರು ಸಹಾಯ ಮಾಡುತ್ತದೆ. ಒಳಗೆ ಬಂದ ಮೇಲೆ ಅದನ್ನು ಬಿಡಬೇಕು. ಸಂಗ್ರಾಹಕರಿಗೆ ಪತ್ರ ಬರೆಯುವಾಗ ನಾನು ಮೊದಲು ಚಿತ್ರಕಾರರ ಹೆಸರು, ಆಮೇಲೆ ಊರು, ಆಮೇಲೆ ಬಣ್ಣ ಮತ್ತು ಬಟ್ಟೆಯ ವಿವರ ಬರೆಯುತ್ತೇನೆ. ಖಂಡದ ಹೆಸರು ಬರದಿದ್ದರೂ ನಡೆಯುತ್ತದೆ. ಖಂಡವನ್ನು ನೋಡಿ ಕೊಂಡವರು ಫ್ಯಾಷನ್ ಬದಲಾದ ದಿನ ಮಾರಿಬಿಡುತ್ತಾರೆ. ಒಬ್ಬ ಚಿತ್ರಕಾರರ ಕೆಲಸ ನೋಡಿ ಕೊಂಡವರು ಅವರ ಮುಂದಿನ ಪ್ರದರ್ಶನಕ್ಕೂ ಬರುತ್ತಾರೆ. ಈ ಕೆಲಸದಲ್ಲಿ ನಾನು ನಂಬಿರುವ ಒಂದೇ ಮಾತು ಇದು. ಕೆಳಗಿನ ಹೆಚ್ಚಿನ ಉತ್ತರಗಳೂ ಇದರಿಂದಲೇ ಬಂದಿವೆ.

ನನಗೆ ಯಾರ ಹೆಸರೂ ಗೊತ್ತಿಲ್ಲ. ಯಾರನ್ನ ಮೊದಲು ನೋಡ್ಲಿ?

ಐದು ಜನರಿಂದ ಶುರು ಮಾಡಿ. ಐವರ ಕೆಲಸವೂ ಬೇರೆ ಬೇರೆ ದಾರಿಯದು.

ಮೈಕಲ್ ಆರ್ಮಿಟೇಜ್ ನೈರೋಬಿಯಲ್ಲಿ ಹುಟ್ಟಿದವರು. ಕ್ಯಾನ್ವಾಸಿನ ಬದಲು ಉಗಾಂಡದ ಲುಬುಗೊ ಮೇಲೆ ಬರೆಯುತ್ತಾರೆ. ಇದು ಮುಟುಬಾ ಮರದ ತೊಗಟೆಯನ್ನು ಬಡಿದು ಬಡಿದು ಮಾಡುವ ಬಟ್ಟೆ. ಬಗಾಂಡ ಜನರಲ್ಲಿ ಸತ್ತವರಿಗೆ ಹೊದಿಸುವುದೂ ಇದನ್ನೇ. ಬಟ್ಟೆಯಲ್ಲಿ ತೂತುಗಳಿರುತ್ತವೆ, ಹೊಲಿಗೆಗಳಿರುತ್ತವೆ. ಅವನ್ನು ಮುಚ್ಚದೆ ಚಿತ್ರದ ಒಳಗೇ ಸೇರಿಸಿಕೊಳ್ಳುತ್ತಾರೆ. ಫೋಟೋದಲ್ಲಿ ಇದು ಗೊತ್ತಾಗುವುದೇ ಇಲ್ಲ. ಹತ್ತಿರ ನಿಂತು ನೋಡಬೇಕು.

ಹರಾರೆಯ ಪೋರ್ಷಿಯಾ ಝ್ವಾವಹೇರ ತಮಗೆ ಬಿದ್ದ ಕನಸುಗಳನ್ನು ಬರೆಯುತ್ತಾರೆ. ಬಣ್ಣದ ಜೊತೆ ಮುದ್ರಣದ ಶಾಯಿ, ಅಚ್ಚು, ಬಾಟಿಕ್‌ನ ಮೇಣ ಎಲ್ಲ ಬಳಸುತ್ತಾರೆ. ಕಿನ್ಶಾಸಾದ ಷೆರಿ ಸಾಂಬಾ ಬೋರ್ಡು ಬರೆಯುತ್ತಿದ್ದವರು. ಅವರ ಚಿತ್ರದಲ್ಲಿ ಮಾತುಗಳೂ ಇರುತ್ತವೆ, ಜನ ನಿಂತು ಓದಲಿ ಎಂದು. ನೈಜೀರಿಯಾದ ಎನುಗುವಿನಲ್ಲಿ ಹುಟ್ಟಿ ಲಾಸ್ ಏಂಜಲೀಸ್‌ನಲ್ಲಿರುವ ಎನ್ಜಿಡೆಕಾ ಅಕುನ್ಯಿಲಿ ಕ್ರಾಸ್ಬಿ ಹಳೆಯ ಪತ್ರಿಕೆ, ಆಲ್ಬಂಗಳ ಫೋಟೋಗಳನ್ನು ಕಾಗದಕ್ಕೆ ಇಳಿಸಿ ಅದರ ಮೇಲೆ ಮನೆಯ ಒಳಾಂಗಣಗಳನ್ನು ಬರೆಯುತ್ತಾರೆ. ಅಕ್ರಾದ ಅಮೊಆಕೊ ಬೊಆಫೊ ಮುಖ, ಕೈಗಳ ಚರ್ಮವನ್ನು ಬ್ರಷ್ ಬಿಟ್ಟು ಬೆರಳಿನಲ್ಲೇ ತೀಡುತ್ತಾರೆ.

ಇದೆಲ್ಲ ಈಗೀಗ ಬಂದ ಅಲೆ ತಾನೇ? ಇನ್ನೆಷ್ಟು ದಿನ?

ದುಡ್ಡಿನ ಅಲೆ ಈಗಿನದು. ಕೆಲಸ ಹಳೆಯದು. 1989ರಲ್ಲಿ ಪ್ಯಾರಿಸ್ಸಿನ ಒಂದು ದೊಡ್ಡ ಪ್ರದರ್ಶನ ಆಫ್ರಿಕಾದ ಜೀವಂತ ಕಲಾವಿದರನ್ನು ಯುರೋಪಿನವರ ಪಕ್ಕದಲ್ಲೇ ಇಟ್ಟಿತು. ಅದನ್ನು ನೋಡಿದ ಮೇಲೆ ಜಾನ್ ಪಿಗೋಜಿ ಸಂಗ್ರಹ ಶುರು ಮಾಡಿದರು. ಆ ಸಂಗ್ರಹದಲ್ಲಿ ಸಾಂಬಾ ಇದ್ದಾರೆ. ನೈಜೀರಿಯಾದ ಓಕ್ವಿ ಎನ್ವೆಜರ್ 2002ರಲ್ಲಿ ಜರ್ಮನಿಯ ದೊಡ್ಡ ಕಲಾ ಪ್ರದರ್ಶನ ಡಾಕ್ಯುಮೆಂಟಾಕ್ಕೂ 2015ರಲ್ಲಿ ವೆನಿಸ್ ಬಿನಾಲೆಗೂ (ಎರಡು ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನ) ಕ್ಯುರೇಟರ್, ಅಂದರೆ ಕೃತಿ ಆರಿಸಿ ಪ್ರದರ್ಶನ ಕಟ್ಟುವವರು, ಆದರು. ಸೆನೆಗಲ್‌ನ ಡಾಕ್‌ಆರ್ಟ್ ಬಿನಾಲೆ 1990ರ ದಶಕದಿಂದ ನಡೆಯುತ್ತಿದೆ. ಹರಾಜು ಮನೆಗಳು ಬಂದಿದ್ದು ತಡವಾಗಿ. ಸದಬೀಸ್ ಮೊದಲ ಬಾರಿಗೆ ಆಫ್ರಿಕಾದ ಆಧುನಿಕ ಮತ್ತು ಸಮಕಾಲೀನ ಕಲೆಗೆಂದೇ ಹರಾಜು ಇಟ್ಟಿದ್ದು 2017ರಲ್ಲಿ.

## ಮಾರಾಟ ನಡೆಯುವ ಬಗೆ

ಇನ್‌ಸ್ಟಾಗ್ರಾಂ ಇದೆಯಲ್ಲ, ಗ್ಯಾಲರಿ ಯಾಕೆ ಬೇಕು?

ಕಣ್ಣಿಗೆ ಬೀಳಲು ಇನ್‌ಸ್ಟಾಗ್ರಾಂ ಸಾಕು. ಬೊಆಫೊ ಅವರ ಕೆಲಸವನ್ನು ಅಮೆರಿಕದ ಚಿತ್ರಕಾರ ಕೆಹಿಂಡೆ ವೈಲಿ 2018ರಲ್ಲಿ ಕಂಡಿದ್ದು ಅಲ್ಲೇ. ಆದರೆ ಅಲ್ಲಿಂದ ಮುಂದೆ ವೈಲಿ ತಮ್ಮ ಗ್ಯಾಲರಿಗಳಿಗೆ ಹೇಳಿದರು, ಗ್ಯಾಲರಿ ಪ್ರದರ್ಶನ ಇಟ್ಟಿತು. ಆ ಎರಡನೇ ಹೆಜ್ಜೆ ಮುಖ್ಯ. ನೀವು ಚಿತ್ರಕಾರರಾಗಿದ್ದು, ಮೆಸೇಜಿನಲ್ಲಿ ಕೇಳಿದವರಿಗೆಲ್ಲ ಚಿತ್ರ ಕೊಟ್ಟರೆ ಒಂದು ವರ್ಷದಲ್ಲಿ ನಿಮ್ಮ ಚಿತ್ರಗಳು ಎಲ್ಲಿವೆ ಅನ್ನುವುದು ನಿಮಗೇ ಗೊತ್ತಿರುವುದಿಲ್ಲ. ಹತ್ತು ವರ್ಷದ ನಂತರ ಮ್ಯೂಸಿಯಂ ಒಂದು ನಿಮ್ಮ ಹಳೆಯ ಕೆಲಸ ಕೇಳಿದಾಗ ಎಲ್ಲಿಂದ ತರುತ್ತೀರಿ?

ಗ್ಯಾಲರಿ ಅರ್ಧ ದುಡ್ಡು ತಗೊಳ್ತದಂತೆ. ಸುಲಿಗೆ ಅಲ್ವಾ ಇದು?

ಅರ್ಧರ್ಧ ಅನ್ನುವುದು ಜಗತ್ತಿನ ಬಹುತೇಕ ಕಡೆ ಇರುವ ರೂಢಿ. ಆ ಅರ್ಧಕ್ಕೆ ಗ್ಯಾಲರಿ ಏನು ಮಾಡುತ್ತದೆ ಅನ್ನುವುದರ ಮೇಲೆ ಅದು ನ್ಯಾಯವೋ ಅನ್ಯಾಯವೋ ಗೊತ್ತಾಗುತ್ತದೆ. ಒಳ್ಳೆ ಗ್ಯಾಲರಿ ಆರ್ಟ್ ಫೇರ್‌ನ ಬಾಡಿಗೆ ಕೊಡುತ್ತದೆ, ಸಾಗಣೆ, ವಿಮೆ ನೋಡಿಕೊಳ್ಳುತ್ತದೆ, ಕ್ಯಾಟಲಾಗ್ ಅಚ್ಚು ಹಾಕಿಸುತ್ತದೆ, ಕ್ಯುರೇಟರ್‌ಗಳನ್ನು ಸ್ಟುಡಿಯೋಗೆ ಕರೆತರುತ್ತದೆ. ಬರೀ ಗೋಡೆಗೆ ತೂಗುಹಾಕಿ ಅರ್ಧ ಕೇಳಿದರೆ ಬೇಡ ಅನ್ನಿ.

ಚಿತ್ರ ಮಾರಾಟವಾಗಿ ತಿಂಗಳುಗಟ್ಟಲೆ ಆದರೂ ಕಲಾವಿದರಿಗೆ ದುಡ್ಡು ಸೇರದೆ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೇಳಲು ಹೋದರೆ ಕಾಗದವೇ ಇರಲಿಲ್ಲ. ಅದಕ್ಕೇ ಚಿತ್ರ ಕಳಿಸುವ ಮೊದಲು ಕನ್‌ಸೈನ್‌ಮೆಂಟ್ ಕರಾರು, ಅಂದರೆ ಮಾರಿಕೊಡಲು ಚಿತ್ರ ಒಪ್ಪಿಸುವ ಕಾಗದ, ಬೇಕೇ ಬೇಕು. ಯಾವ ಚಿತ್ರ, ಎಷ್ಟು ದಿನಕ್ಕೆ, ಏನು ಬೆಲೆ, ಡಿಸ್ಕೌಂಟ್ ಕೊಟ್ಟರೆ ಯಾರ ಪಾಲಿನಿಂದ, ಮಾರಿದ ಎಷ್ಟು ದಿನದಲ್ಲಿ ದುಡ್ಡು, ಯಾವ ಕರೆನ್ಸಿಯಲ್ಲಿ, ಮಾರದೆ ಉಳಿದರೆ ವಾಪಸ್ ತರುವ ಖರ್ಚು ಯಾರದು. ಕರೆನ್ಸಿಯ ಮಾತನ್ನು ಮರೆಯಬೇಡಿ. 2023ರಲ್ಲಿ ನೈಜೀರಿಯಾದ ನಾಯಿರಾ ಕುಸಿದಾಗ, ಡಾಲರಿನಲ್ಲಿ ಮಾರಿ ನಾಯಿರಾದಲ್ಲಿ ತಡವಾಗಿ ದುಡ್ಡು ಪಡೆಯುವುದು ಎಂಥ ನಷ್ಟ ಅನ್ನುವುದು ಎಲ್ಲರಿಗೂ ಅರ್ಥವಾಯಿತು.

ಬೆಲೆ ಯಾರು ಇಡ್ತಾರೆ? ಸುಮ್ನೆ ಬಾಯಿಗೆ ಬಂದಿದ್ದು ಹೇಳ್ತಾರಾ?

ಇಲ್ಲ. ಬೆಳೆಯುತ್ತಿರುವ ಚಿತ್ರಕಾರರಿಗೆ ಸಾಮಾನ್ಯವಾಗಿ ಚಿತ್ರದ ಅಳತೆಯಿಂದ ಲೆಕ್ಕ. ಉದ್ದ, ಅಗಲ ಕೂಡಿಸಿ ಒಂದು ದರದಿಂದ ಗುಣಿಸುತ್ತಾರೆ. ಪ್ರದರ್ಶನ, ರೆಸಿಡೆನ್ಸಿ (ಸಂಸ್ಥೆಯೊಂದು ಕರೆದು ಕೆಲವು ಕಾಲ ಇರಿಸಿಕೊಂಡು ಕೆಲಸ ಮಾಡಲು ಬಿಡುವುದು), ಮ್ಯೂಸಿಯಂ ಖರೀದಿ ಆದಂತೆ ಆ ದರ ಸ್ವಲ್ಪ ಸ್ವಲ್ಪವೇ ಏರುತ್ತದೆ. ಎರಡು ನಿಯಮ ಗಟ್ಟಿಯಾಗಿ ಹಿಡಿಯಬೇಕು. ಅಕ್ರಾದಲ್ಲೂ ಲಂಡನ್‌ನಲ್ಲೂ ಒಂದೇ ಬೆಲೆ. ಏರಿಸಿದ್ದನ್ನು ಇಳಿಸುವ ಹಾಗಿಲ್ಲ, ಆದ್ದರಿಂದ ಆತುರದಲ್ಲಿ ಏರಿಸುವ ಹಾಗೂ ಇಲ್ಲ. ಸ್ಟುಡಿಯೋ ಬಾಗಿಲಿಗೆ ಬಂದವರಿಗೆ ಅರ್ಧ ಬೆಲೆಗೆ ಕೊಟ್ಟರೆ ಗ್ಯಾಲರಿಯ ಬೆಲೆಪಟ್ಟಿಗೆ ಅರ್ಥವಿಲ್ಲ.

ಹರಾಜಿನಲ್ಲಿ ಕೋಟಿಗಟ್ಟಲೆಗೆ ಹೋಯ್ತು ಅಂತ ಪೇಪರ್‌ನಲ್ಲಿ ಬರ್ತದೆ. ಅದು ಕಲಾವಿದರಿಗೆ ಒಳ್ಳೇದಲ್ವಾ?

ಹೆಚ್ಚಿನ ಸಲ ಅಲ್ಲ. ಬೊಆಫೊ ಅವರದೇ ಉದಾಹರಣೆ ನೋಡಿ. 2020ರ ಫೆಬ್ರವರಿಯಲ್ಲಿ ಲಂಡನ್‌ನ ಫಿಲಿಪ್ಸ್ ಹರಾಜಿಗೆ ಅವರ ಒಂದು ಚಿತ್ರ ಬಂತು, ನಿಂಬೆಹಣ್ಣಿನ ಚಿತ್ತಾರದ ಈಜುಡುಗೆಯ ಹೆಣ್ಣಿನದು. ಅಂದಾಜು 30ರಿಂದ 50 ಸಾವಿರ ಪೌಂಡ್. ಹೋಗಿದ್ದು 6,75,000 ಪೌಂಡಿಗೆ. ಚಿತ್ರ ಬರೆದು ಒಂದು ವರ್ಷವೂ ಸರಿಯಾಗಿ ಆಗಿರಲಿಲ್ಲ. 2021ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್‌ನಲ್ಲಿ ಇನ್ನೊಂದು ಚಿತ್ರ ಸುಮಾರು 34 ಲಕ್ಷ ಡಾಲರಿಗೆ ಹೋಯಿತು.

ಹರಾಜಿನ ದುಡ್ಡು ಮಾರಿದವರಿಗೆ. ಬರೆದವರಿಗೆ ಸಾಮಾನ್ಯವಾಗಿ ಸಿಗುವುದು ಗ್ಯಾಲರಿಯಲ್ಲಿ ಮೊದಲ ಬಾರಿ ಮಾರಿದಾಗಿನ ಪಾಲು ಮಾತ್ರ. ಆದರೆ ಹರಾಜಿನ ಬಿಸಿ ತಗಲುವುದು ಬರೆದವರಿಗೆ. ಅಂಥ ಬೆಲೆ ಬಂದ ಮರುದಿನದಿಂದ ಕೊಳ್ಳುವವರು ಅದೇ ತರಹದ ಇನ್ನೊಂದು ಕೇಳುತ್ತಾರೆ. ಗ್ಯಾಲರಿಯಲ್ಲಿ ಕಡಿಮೆಗೆ ಕೊಂಡು ಕೂಡಲೇ ಹರಾಜಿಗೆ ಹಾಕಿ ಲಾಭ ಮಾಡುವವರು ಸಾಲುಗಟ್ಟುತ್ತಾರೆ. ಇದಕ್ಕೆ ಫ್ಲಿಪ್ಪಿಂಗ್ ಅನ್ನುತ್ತಾರೆ. ಒಂದೇ ಸಲ ಜಾಸ್ತಿ ಚಿತ್ರ ಹರಾಜಿಗೆ ಬಂದು, ಒಂದೆರಡು ಮಾರಾಟವಾಗದೆ ಉಳಿದರೆ, ಕೆಲಸ ಚೆನ್ನಾಗಿಲ್ಲ ಎಂದು ಜನ ಓದಿಕೊಳ್ಳುತ್ತಾರೆ. ಕೆಲಸಕ್ಕೆ ಏನೂ ಆಗಿರುವುದಿಲ್ಲ. ಮೂವತ್ತರ ಆಸುಪಾಸಿನ ಚಿತ್ರಕಾರರಿಗೆ ಇದನ್ನು ತಾಳಿಕೊಳ್ಳುವುದು ತುಂಬಾ ಕಷ್ಟ.

ಕ್ರಾಸ್ಬಿ ಅವರ ಒಂದು ಚಿತ್ರ 2017ರಲ್ಲಿ ಕ್ರಿಸ್ಟೀಸ್‌ನಲ್ಲಿ ಸುಮಾರು 30 ಲಕ್ಷ ಡಾಲರ್ ದಾಟಿತು. ಆದರೂ ಅವರು ವರ್ಷಕ್ಕೆ ಕೆಲವೇ ಚಿತ್ರ ಬರೆಯುತ್ತಾ ಹೋದರು. ಅವರ ಗ್ಯಾಲರಿ ಮ್ಯೂಸಿಯಂಗಳಿಗೆ ಮೊದಲ ಜಾಗ ಕೊಡುತ್ತಾ ಬಂತು. ಪ್ರಚಾರ ಮಾಡುವ ನಮ್ಮಂಥವರು ನೋಡಿ ಕಲಿಯಬೇಕಾದ್ದು ಇದು.

ಆರ್ಟ್ ಫೇರ್ ಅಂದ್ರೆ ನಮ್ಮ ಚಿತ್ರಸಂತೆ ತರಾನಾ?

ಹೊರಗಿನಿಂದ ಹಾಗೆ ಕಾಣುತ್ತದೆ. ಬೆಂಗಳೂರಿನ ಚಿತ್ರಸಂತೆಯಲ್ಲಿ ಕಲಾವಿದರೇ ರಸ್ತೆ ಬದಿ ನಿಂತು ಮಾರುತ್ತಾರೆ, ಯಾರು ಬೇಕಾದರೂ ಕೊಳ್ಳಬಹುದು. ಫೇರ್‌ನಲ್ಲಿ ಜಾಗ ಗ್ಯಾಲರಿಗೆ ಸಿಗುತ್ತದೆ, ಅದೂ ಆಯ್ಕೆ ಸಮಿತಿ ಒಪ್ಪಿದರೆ.

ಈ ಕ್ಷೇತ್ರಕ್ಕೆಂದೇ ಇರುವ ಮುಖ್ಯ ಫೇರ್ 1-54. 54 ದೇಶ, ಒಂದು ಖಂಡ ಅನ್ನುವುದು ಹೆಸರಿನ ಅರ್ಥ. ಮೊರಾಕ್ಕೊದ ಚಿತ್ರಕಾರ ಹಸನ್ ಎಲ್ ಗ್ಲಾವಿಯವರ ಮಗಳು ಟೂರಿಯಾ ಎಲ್ ಗ್ಲಾವಿ 2013ರಲ್ಲಿ ಲಂಡನ್‌ನ ಸಾಮರ್ಸೆಟ್ ಹೌಸ್‌ನಲ್ಲಿ ಶುರು ಮಾಡಿದರು. 2015ರಲ್ಲಿ ನ್ಯೂಯಾರ್ಕ್, 2018ರಲ್ಲಿ ಮರಾಕೆಷ್ ಸೇರಿತು. ಖಂಡದೊಳಗೆ ನಾನು ಜಾಸ್ತಿ ಹೇಳುವುದು ಆರ್ಟ್ ಎಕ್ಸ್ ಲಾಗೋಸ್. 2016ರಿಂದ ನಡೆಯುತ್ತಿದೆ. ಅಲ್ಲಿ ಕೊಳ್ಳುವವರಲ್ಲಿ ನೈಜೀರಿಯಾದವರೇ ತುಂಬಾ ಇರುತ್ತಾರೆ. ಊರಿನ ಜನ ಕೊಳ್ಳುವ ಚಿತ್ರಕಾರರ ಮೇಲೆ ನನಗೆ ನಂಬಿಕೆ ಜಾಸ್ತಿ.

ಮಾರಾಟ ಮೊದಲ ದಿನವೇ, ಎಷ್ಟೋ ಸಲ ಫೇರ್‌ಗೂ ಮುಂಚೆ ಪಿಡಿಎಫ್ ಕಳಿಸಿದಾಗಲೇ ಆಗಿಹೋಗುತ್ತದೆ. ಉಳಿದ ದಿನಗಳು ಪರಿಚಯಕ್ಕೆ. ಕ್ಯುರೇಟರ್‌ಗಳು ಸಾಮಾನ್ಯವಾಗಿ ಗದ್ದಲ ತಗ್ಗಿದ ಮೇಲೆ ಬರುತ್ತಾರೆ. ಆಗ ಚಿತ್ರಕಾರರು ಮಳಿಗೆಯಲ್ಲಿ ಇದ್ದರೆ ತುಂಬಾ ಒಳ್ಳೆಯದು. ಆದರೆ ವೀಸಾ ಸಿಗದೆ ತಮ್ಮ ಚಿತ್ರದ ಉದ್ಘಾಟನೆಗೇ ಬರಲಾಗದವರು ಎಷ್ಟೋ ಜನ. ವೀಸಾ ಅರ್ಜಿ ತಿಂಗಳುಗಳ ಮುಂಚೆ ಹಾಕಿಸಿ, ಆಹ್ವಾನ ಪತ್ರ ಗ್ಯಾಲರಿಯಿಂದಲೂ ಫೇರ್‌ನಿಂದಲೂ ತರಿಸಿ.

## ಕೊಳ್ಳುವವರಿಗೆ

ಬೆಂಗಳೂರಲ್ಲಿ ಕೂತು ಅಕ್ರಾದ ಚಿತ್ರ ಕೊಳ್ಳಬಹುದಾ? ತೊಂದರೆ ಏನಾದ್ರೂ ಇದೆಯಾ?

ಕೊಳ್ಳಬಹುದು. ದುಡ್ಡನ್ನು, ಜನ ಹೊರದೇಶಕ್ಕೆ ಹಣ ಕಳಿಸಲೆಂದು ಇರುವ ರಿಸರ್ವ್ ಬ್ಯಾಂಕಿನ ಯೋಜನೆ ಎಲ್‌ಆರ್‌ಎಸ್ ಅಡಿಯಲ್ಲಿ ಬ್ಯಾಂಕಿನ ಮೂಲಕವೇ ಕಳಿಸಿ. ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ. ಇಲ್ಲಿಗೆ ಬಂದ ಮೇಲೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ ಕಟ್ಟಬೇಕು. ಕೊಳ್ಳುವ ಮುಂಚೆಯೇ ಕಸ್ಟಮ್ಸ್ ಏಜೆಂಟರನ್ನು ಕೇಳಿ ಒಟ್ಟು ಖರ್ಚು ತಿಳಿದುಕೊಳ್ಳಿ.

ಅಲ್ಲಿಂದ ಹೊರಡುವಾಗಲೂ ಕಾಗದ ಬೇಕು. ಘಾನಾದಲ್ಲಿ, ನೈಜೀರಿಯಾದಲ್ಲಿ ಮ್ಯೂಸಿಯಂ ಮತ್ತು ಸ್ಮಾರಕಗಳ ಸರ್ಕಾರಿ ಸಂಸ್ಥೆ ಇದು ಪುರಾತನ ವಸ್ತುವಲ್ಲ ಎಂದು ಅನುಮತಿ ಕೊಡಬೇಕು. ಹೊಸ ಚಿತ್ರಕ್ಕೆ ಯಾಕೆ ಎಂದು ಕೇಳಬೇಡಿ. ಅಲ್ಲಿಂದ ಲೂಟಿಯಾದ ಕಲೆಯ ಚರಿತ್ರೆ ಗೊತ್ತಿದ್ದವರು ಆ ಕಾಗದಕ್ಕೆ ಮರ್ಯಾದೆ ಕೊಡುತ್ತಾರೆ. ಮರದ ಕ್ರೇಟಿಗೆ ಶಾಖ ಕೊಟ್ಟು ಹುಳ ನಿವಾರಿಸಿದ ಐಎಸ್‌ಪಿಎಂ-15 ಮುದ್ರೆ ಇರಬೇಕು, ಇಲ್ಲದಿದ್ದರೆ ಬಂದರಿನಲ್ಲಿ ಕೊಳೆಯುತ್ತದೆ. ದಪ್ಪ ಎಣ್ಣೆಬಣ್ಣದ ಚಿತ್ರ ಪೂರ್ತಿ ಒಣಗದೆ ಸುರುಳಿ ಸುತ್ತಿಸಬೇಡಿ. ಸುತ್ತಲೇಬೇಕಾದರೆ ಬಣ್ಣದ ಮೈ ಹೊರಗೆ ಬರುವಂತೆ, ಅಗಲದ ಕೊಳವೆಗೆ ಸುತ್ತಲಿ.

ಮಂಗಳೂರು, ಉಡುಪಿ ಕಡೆ ಇದ್ದರೆ ಮಳೆಗಾಲದ ಬೂಷ್ಟಿನ ಬಗ್ಗೆ ಈಗಲೇ ಯೋಚಿಸಿ. ಹೊರಗೋಡೆಗೆ ತೂಗುಹಾಕಬೇಡಿ. ಚಿತ್ರದ ಹಿಂದೆ ಗಾಳಿ ಆಡಲಿ.

ಅಸಲಿ ಅಂತ ಹೇಗೆ ಗೊತ್ತಾಗ್ತದೆ?

ಬದುಕಿರುವ ಚಿತ್ರಕಾರರಾದರೆ ಸುಲಭ, ಅವರನ್ನೇ ಅಥವಾ ಅವರ ಗ್ಯಾಲರಿಯನ್ನೇ ಕೇಳಬಹುದು. ಸಹಿ ಇರುವ ಪ್ರಮಾಣಪತ್ರ, ಇನ್‌ವಾಯ್ಸ್, ಚಿತ್ರದ ಹಿಂಬದಿಯ ಫೋಟೋ, ಕಂಡಿಷನ್ ರಿಪೋರ್ಟ್ (ಚಿತ್ರ ಯಾವ ಸ್ಥಿತಿಯಲ್ಲಿದೆ ಅನ್ನುವ ವರದಿ) ನಾಲ್ಕನ್ನೂ ಒಂದೇ ಫೈಲಿನಲ್ಲಿಡಿ. ಯಾರಿಂದ ಯಾರ ಕೈಗೆ ಬಂತು ಅನ್ನುವ ಸರಪಳಿಯಲ್ಲಿ ಕೊಂಡಿ ತಪ್ಪಿದ್ದರೆ ಬೆಲೆ ಎಷ್ಟೇ ಕಡಿಮೆ ಇದ್ದರೂ ಬಿಟ್ಟುಬಿಡಿ.

ದುಡ್ಡು ಇದೆ ಅಂದ್ರೂ ಗ್ಯಾಲರಿಯವರು ಚಿತ್ರ ಕೊಡ್ತಿಲ್ಲ. ಇದೇನು ಸೊಕ್ಕು?

ಸೊಕ್ಕಲ್ಲ. ನೀವು ನಾಳೆಯೇ ಹರಾಜಿಗೆ ಹಾಕುತ್ತೀರೋ ಏನೋ ಎಂಬ ಭಯ. ನಿಮ್ಮ ಬಗ್ಗೆ ತಿಳಿಸಿ. ಏನೇನು ಕೊಂಡಿದ್ದೀರಿ, ಎಲ್ಲಿ ಇಡುತ್ತೀರಿ, ಪ್ರದರ್ಶನಕ್ಕೆ ಕೇಳಿದರೆ ಎರವಲು ಕೊಡುತ್ತೀರಾ? ಹೆಸರಾದವರ ಹಿಂದೆ ಸಾಲಿನಲ್ಲಿ ನಿಲ್ಲುವ ಬದಲು ಅದೇ ಗ್ಯಾಲರಿಯ ಇನ್ನೊಬ್ಬ ಚಿತ್ರಕಾರರನ್ನು ಮನಸ್ಸಿಟ್ಟು ನೋಡಿ. ನನಗೆ ಗೊತ್ತಿರುವ ಒಳ್ಳೆಯ ಸಂಗ್ರಹಗಳು ಹೀಗೇ ಬೆಳೆದಿವೆ.

ಕೊಳ್ಳೋ ಶಕ್ತಿ ಇಲ್ಲ. ನೋಡೋಕಾದ್ರೂ ಎಲ್ಲಿ ಸಿಗ್ತದೆ?

ನಮಗೆ ಹತ್ತಿರದ ಜಾಗ ಕೊಚ್ಚಿ. ಅಲ್ಲಿನ ಬಿನಾಲೆಗೆ ಆಫ್ರಿಕಾದ ಕಲಾವಿದರು ಬರುತ್ತಾರೆ. 2018ರಲ್ಲಿ ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್ ಅವರ ದೊಡ್ಡ ಕೆಲಸವೊಂದು ಅಲ್ಲಿತ್ತು. ದೂರ ಹೋಗುವುದಾದರೆ ಕೇಪ್‌ಟೌನಿನ ಝೈಟ್ಸ್ ಮ್ಯೂಸಿಯಂ. ಹಳೆಯ ಧಾನ್ಯದ ಕಣಜವನ್ನು ಕೊರೆದು ಕಟ್ಟಿ, 2017ರಲ್ಲಿ ತೆರೆದರು.

## ಆಳಕ್ಕೆ ಇಳಿಯುವವರಿಗೆ

ಕಪ್ಪು ಜನರ ಪೋರ್ಟ್ರೇಟ್‌ಗಳ ಕಾಲ ಮುಗೀತು, ಬೆಲೆ ಬಿತ್ತು ಅಂತಾರೆ. ಹೌದಾ?

2020, 2021ರ ಹರಾಜಿನ ಜ್ವರ ಇಳಿದಿದೆ, ಹೌದು. ಆ ಎರಡು ವರ್ಷ ಸಂಗ್ರಾಹಕರು ಬೇರೇನನ್ನೂ ನೋಡಲಿಲ್ಲ. ಅಮೂರ್ತ ಚಿತ್ರ ಬರೆಯುವವರು, ನಿಸರ್ಗದೃಶ್ಯ ಬರೆಯುವವರು ಪಕ್ಕಕ್ಕೆ ಸರಿದರು. ಕೆಲವು ಹುಡುಗ ಹುಡುಗಿಯರು ತಮ್ಮ ದಾರಿ ಬಿಟ್ಟು ಮಾರುವ ಮುಖಗಳನ್ನೇ ಬರೆದರು. ಅದು ನನಗೆ ಇವತ್ತೂ ನೋವಿನ ವಿಷಯ.

ಐವರಿ ಕೋಸ್ಟ್‌ನ ಅಬೂಡಿಯಾ ಅವರ 75 ಚಿತ್ರಗಳು 2022 ಒಂದೇ ವರ್ಷದಲ್ಲಿ ಹರಾಜಿನಲ್ಲಿ ಮಾರಾಟವಾದವು. ಎಣಿಕೆಯಲ್ಲಿ ಬ್ರಿಟನ್ನಿನ ಹೆಸರಾಂತ ಕಲಾವಿದ ಡೇಮಿಯನ್ ಹರ್ಸ್ಟ್ ಅವರನ್ನೂ ದಾಟಿದರು. 2011ರ ಅಬಿಜಾನ್ ಕಾಳಗದ ದಿನಗಳಲ್ಲಿ ನೆಲಮಾಳಿಗೆಯಲ್ಲಿ ಅಡಗಿ ಚಿತ್ರ ಬರೆದವರು ಅವರು. ಅಂಥ ಕೆಲಸದ ಬಗ್ಗೆ ಮಾತಾಡುವಾಗ ಹರಾಜಾದ ಚಿತ್ರಗಳ ಸಂಖ್ಯೆ ಮೊದಲು ಬರಬಾರದಿತ್ತು.

ಮನುಷ್ಯರನ್ನು ಬರೆಯುವ ಪರಂಪರೆ ಮಾತ್ರ ಮುಗಿಯುವಂಥದ್ದಲ್ಲ. 2022ರಲ್ಲಿ ಝೈಟ್ಸ್ ಮ್ಯೂಸಿಯಂನಲ್ಲಿ ಕೊಯೊ ಕೂವೊ ತಮ್ಮ ತಂಡದ ಜೊತೆ ಇದೇ ವಿಷಯದ ನೂರು ವರ್ಷದ ಚಿತ್ರಗಳನ್ನು ಒಟ್ಟಿಗೆ ತೂಗುಹಾಕಿದರು. ಆ ಪ್ರದರ್ಶನ ಆಮೇಲೆ ಬಾಸೆಲ್‌ಗೂ ಬ್ರಸೆಲ್ಸ್‌ಗೂ ಹೋಯಿತು. 2026ರ ವೆನಿಸ್ ಬಿನಾಲೆಗೆ ಕ್ಯುರೇಟರ್ ಆಗಿ ಆಯ್ಕೆಯಾಗಿದ್ದ ಅವರು 2025ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರಂತೆ ನಿಧಾನವಾಗಿ, ಓದಿಕೊಂಡು, ಚಿತ್ರಕಾರರ ಪರ ನಿಲ್ಲುವವರು ಇನ್ನೂ ಬೇಕು.

ಹೊರಗಿನವರೇ ಕೊಂಡುಕೊಂಡು ಹೋದ್ರೆ ಆ ಊರಿಗೆ ಏನು ಉಳೀತು?

ಈ ಪ್ರಶ್ನೆ ಕೇಳುವ ಸಂಗ್ರಾಹಕರನ್ನು ಕಂಡರೆ ನನಗೆ ಖುಷಿ. ದೊಡ್ಡ ಉತ್ತರ ಕೊಟ್ಟವರು ಚಿತ್ರಕಾರರೇ. ಬೊಆಫೊ ಅಕ್ರಾದಲ್ಲಿ ಡಾಟ್ ಅಟೆಲಿಯೇಸ್ ಎಂಬ ಸ್ಟುಡಿಯೋ ಜಾಗ ಕಟ್ಟಿದ್ದಾರೆ. ಆರ್ಮಿಟೇಜ್ ನೈರೋಬಿಯಲ್ಲಿ ಸಮಕಾಲೀನ ಕಲಾ ಸಂಸ್ಥೆ ಶುರು ಮಾಡಿದ್ದಾರೆ. ಇಬ್ರಾಹಿಂ ಮಹಾಮ ಘಾನಾದ ಉತ್ತರದ ತಮಾಲೆಯಲ್ಲಿ ಪ್ರದರ್ಶನ ಮನೆ, ಗ್ರಂಥಾಲಯ ಕಟ್ಟಿ ಶಾಲೆ ಮಕ್ಕಳಿಗೆ ಬಾಗಿಲು ತೆರೆದಿದ್ದಾರೆ. ಲಾಗೋಸ್‌ನಲ್ಲಿ ಸಂಗ್ರಾಹಕ ಯೆಮಿಸಿ ಶಿಲ್ಲೊನ್ ತಮ್ಮ ಸಂಗ್ರಹದ ಒಂದು ಪಾಲನ್ನು ಕೊಟ್ಟರು, ಅದರಿಂದ 2019ರಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲಿ ಮ್ಯೂಸಿಯಂ ತೆರೆಯಿತು.

ನೀವು ಮಾಡಬಹುದಾದ್ದೂ ಇದೆ. ಎರಡು ಚಿತ್ರ ಕೊಂಡರೆ ಒಂದನ್ನು ಅಲ್ಲಿನ ಮ್ಯೂಸಿಯಂಗೆ ಕೊಡಿ. ಊರಿನ ಪ್ರದರ್ಶನಕ್ಕೆ ಕೇಳಿದಾಗ ಚಿತ್ರವನ್ನು ನಿಮ್ಮ ಖರ್ಚಿನಲ್ಲೇ ಕಳಿಸಿ.

ನಾನೇ ಒಬ್ಬ ಚಿತ್ರಕಾರರ ಪರ ಕೆಲಸ ಮಾಡ್ಬೇಕು ಅಂತಿದೀನಿ. ಮೊದಲು ಏನು ಮಾಡ್ಲಿ?

ಲೆಕ್ಕ ಬರೆಯಿರಿ. ಇದುವರೆಗಿನ ಪ್ರತಿ ಚಿತ್ರದ ಹೆಸರು, ವರ್ಷ, ಅಳತೆ, ಮಾಧ್ಯಮ, ಈಗ ಯಾರ ಬಳಿ ಇದೆ. ಒಳ್ಳೆ ಬೆಳಕಿನಲ್ಲಿ ಫೋಟೋ, ಹಿಂಬದಿಯದೂ ಸೇರಿ. ಆಮೇಲೆ ಸ್ಟುಡಿಯೋದಲ್ಲಿ ಕೂತು ಮಾತಾಡಿಸಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. 'ರೋಮಾಂಚಕ ಬಣ್ಣಗಳು', 'ಆಫ್ರಿಕಾದ ಆತ್ಮ' ಅಂತ ಬರೆದರೆ ಯಾವ ಕ್ಯುರೇಟರೂ ಎರಡನೇ ಸಾಲು ಓದುವುದಿಲ್ಲ. ಬಾಟಿಕ್ ಮೇಣವನ್ನು ಯಾಕೆ ಬಳಸುತ್ತಾರೆ ಅನ್ನುವುದನ್ನು ಸರಿಯಾಗಿ ಬರೆದರೆ ಓದುತ್ತಾರೆ.

ನೂರು ಜನರಿಗೆ ಒಂದೇ ಮೇಲ್ ಕಳಿಸಬೇಡಿ. ಹತ್ತು ಜನರನ್ನು ಆರಿಸಿ, ಅವರ ಸಂಗ್ರಹ ನೋಡಿ, ಅವರಿಗೆ ಈ ಚಿತ್ರ ಯಾಕೆ ಎಂದು ಬರೆಯಿರಿ. ಸಂಸ್ಥೆಗಳನ್ನು ಮರೆಯಬೇಡಿ. ಲಂಡನ್‌ನ ಟೇಟ್‌ಗೆ 2011ರಿಂದ ಆಫ್ರಿಕಾದ ಕಲೆ ಕೊಳ್ಳಲೆಂದೇ ಒಂದು ಸಮಿತಿ ಇದೆ. ಅಂಥ ಕಡೆಯಿಂದ ಉತ್ತರ ಬರಲು ವರ್ಷಗಳೇ ಬೇಕಾಗಬಹುದು. ಕಾಯಬೇಕು.

ನನಗೆ ಒಂದು ಚಿತ್ರ ಮಾರಲೇಬೇಕಾಗಿದೆ. ಕಲಾವಿದರಿಗೆ ಅನ್ಯಾಯ ಆಗದ ಹಾಗೆ ಹೇಗೆ ಮಾರಲಿ?

ಮೊದಲು ಇನ್‌ವಾಯ್ಸ್ ತೆಗೆದು ಓದಿ. ಇಷ್ಟು ವರ್ಷ ಮಾರಬಾರದು, ಮಾರುವಾಗ ಮೊದಲು ಗ್ಯಾಲರಿಯನ್ನೇ ಕೇಳಬೇಕು ಎಂಬ ಷರತ್ತು ಅಲ್ಲಿರಬಹುದು. ಇಲ್ಲದಿದ್ದರೂ ಗ್ಯಾಲರಿಗೆ ಫೋನ್ ಮಾಡಿ. ಅವರ ಬಳಿ ಕಾಯುತ್ತಿರುವವರ ಪಟ್ಟಿ ಇರುತ್ತದೆ, ಸದ್ದಿಲ್ಲದೆ ಒಳ್ಳೆ ಕೈಗೆ ದಾಟಿಸುತ್ತಾರೆ. ಅದು ಆಗದಿದ್ದರೆ ಮಾತ್ರ ಹರಾಜು. ಅಲ್ಲೂ ಅಂದಾಜು ಬೆಲೆ ಮಿತಿಯಲ್ಲಿಡಿಸಿ, ಕನಿಷ್ಠ ಬೆಲೆ ಗೊತ್ತು ಮಾಡಿ. ಚಿತ್ರಕಾರರಿಗೆ ಸುದ್ದಿ ನಿಮ್ಮಿಂದಲೇ ಮುಟ್ಟಲಿ.

ಮರುಮಾರಾಟದಲ್ಲಿ ಚಿತ್ರಕಾರರಿಗೆ ಪಾಲು ಕೊಡುವ ಕಾನೂನು ಬ್ರಿಟನ್‌ನಲ್ಲಿ 2006ರಿಂದ ಇದೆ. ಹೆಚ್ಚೆಂದರೆ ಶೇಕಡ 4, ಬೆಲೆ ಏರಿದಂತೆ ದರ ಇಳಿಯುತ್ತದೆ, ಒಟ್ಟು 12,500 ಪೌಂಡ್ ಮೀರುವುದಿಲ್ಲ. ಚಿತ್ರಕಾರರ ದೇಶದಲ್ಲೂ ಅಂಥ ಕಾನೂನು ಇದ್ದು ಪರಸ್ಪರ ಒಪ್ಪಿದ್ದರೆ ಮಾತ್ರ ಅನ್ವಯ. ಆಫ್ರಿಕಾದ ಎಷ್ಟೋ ಚಿತ್ರಕಾರರಿಗೆ ಇದರಿಂದಾಗಿಯೇ ಸಿಗುವುದಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನಲ್ಲೂ ಈ ಹಕ್ಕು ಇದೆ, ಬಳಕೆಯಲ್ಲಿ ಕಾಣುವುದು ಅಪರೂಪ. ಕಾನೂನು ಕೇಳದಿದ್ದರೂ ಲಾಭದಲ್ಲಿ ಒಂದು ಪಾಲನ್ನು ಚಿತ್ರಕಾರರ ಖಾತೆಗೆ ಹಾಕಬಹುದು. ಮಾರಾಟದ ಕರಾರಿನಲ್ಲೇ ಆ ಸಾಲು ಬರೆಸಿದರೆ ಮುಂದೆ ಕೊಳ್ಳುವವರೂ ಅದನ್ನು ಪಾಲಿಸಲು ಒಪ್ಪಿದಂತಾಗುತ್ತದೆ. ಹೇಗೆ ಬರೆಸಬೇಕು ಎಂದು ವಕೀಲರನ್ನು ಕೇಳಿ.